ಮುಹೂರ್ತ ನೋಡಿ ಪಾಠ ಮಾಡಿದ ಪದ್ಮಲತಾ ಟೀಚರ್

ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಲ್ಲಿ ಪಂಚಾಂಗ ಇಟ್ಕೊಂಡಿದ್ದದ್ದು ಒಬ್ರೇ, ಗಣಿತದ ಪದ್ಮಲತಾ ಟೀಚರ್. ಅವ್ರಿಗೆ ರಾಹುಕಾಲ ಗುಳಿಗಕಾಲ ಎಂತದೂ ಬೇಡ. ನೋಡ್ತಿದ್ದದ್ದು ಮದುವೆ ಮುಹೂರ್ತ ಮಾತ್ರ. ಮುಹೂರ್ತ ಇರುವ ದಿನಕ್ಕೆಲ್ಲ ಕೆಂಪು ಪೆನ್ನಲ್ಲಿ ಒಂದು ರೌಂಡ್. ಆ ದಿನ ಹೊಸ ಪಾಠ ಇಲ್ಲ, ಹಳೇದೇ ಇನ್ನೊಂದು ಸಲ. ಯಾಕಂದ್ರೆ ಆ ದಿನ ಹತ್ತನೇ ಕ್ಲಾಸಿನ ಅರ್ಧ ಹುಡುಗರು ಕ್ಯಾಟರಿಂಗಿಗೆ ಹೋಗಿರ್ತಾರೆ.

ಕ್ಯಾಟರಿಂಗ್ ಅಂದ್ರೆ ನಮ್ಮಲ್ಲಿ ಅಡಿಗೆ ಮಾಡುದಲ್ಲ, ಮದುವೆ ಹಾಲ್‌ಗಳಲ್ಲಿ ಬಡಿಸುದು. ಕಪ್ಪು ಪ್ಯಾಂಟು, ಓನರು ಕೊಟ್ಟ ಬಣ್ಣದ ಟೀಶರ್ಟು, ತಲೆಗೊಂದು ಟೊಪ್ಪಿ, ಕೈಗೆ ಪ್ಲಾಸ್ಟಿಕ್ ಗ್ಲೌಸು. ಬೆಳಿಗ್ಗೆ ಪುಂಜಾಲಕಟ್ಟೆ ಜಂಕ್ಷನಿಗೆ ಟೆಂಪೋ ಬರ್ತದೆ, ಸಂಜೆ ಅಲ್ಲೇ ತಂದು ಬಿಡ್ತದೆ. ಕೈಗೆ ಏಳ್ನೂರೈವತ್ತು, ಹೊಟ್ಟೆ ತುಂಬ ಊಟ, ಉಳಿದ ಐಸ್‌ಕ್ರೀಮು ಬೇಕಾದಷ್ಟು. ಹದಿನೈದು ವರ್ಷದವನಿಗೆ ಇಷ್ಟು ಸಿಕ್ಕಿದ ಮೇಲೆ ತ್ರಿಕೋನಮಿತಿ ಯಾರಿಗೆ ಬೇಕು ಹೇಳಿ.

ಟೀಚರ್ ಮೊದಲು ಮುಹೂರ್ತದ ದಿನವೇ ಟೆಸ್ಟ್ ಇಟ್ಟು ನೋಡಿದ್ರಂತೆ, ಹೆದರಿ ಬರ್ತಾರೆ ಅಂತ. ಹುಡುಗರು ಟೆಸ್ಟ್ ಬಿಟ್ರು, ಮದುವೆ ಬಿಡ್ಲಿಲ್ಲ. ಮತ್ತೆ ಟೀಚರೇ ಸೋತು ಪಂಚಾಂಗ ತಂದದ್ದು. ಆಟಿ ತಿಂಗಳಲ್ಲಿ, ಅಂದ್ರೆ ಆಷಾಢದಲ್ಲಿ, ನಮ್ಮೂರಲ್ಲಿ ಮದುವೆ ಆಗುದಿಲ್ಲ ಅಲ್ವಾ, ಆಗ ಬೆಂಚೆಲ್ಲ ಫುಲ್. ಹಾಗಾಗಿ ಎಲ್ಲಾ ಕಷ್ಟದ ಪಾಠ ಆಟಿಗೆ. ರಮ್ಝಾನಲ್ಲಿ ನಿಖಾ ಇಲ್ಲ, ಆಗ ಬ್ಯಾರಿ ಹುಡುಗರು ತಪ್ಪದೆ ಬರ್ತಿದ್ರು. "ಆಟಿಯೂ ರಮ್ಝಾನೂ ಒಟ್ಟಿಗೆ ಬಂದ್ರೆ ನಾನು ನಿಮ್ಮನ್ನೆಲ್ಲ ಡೀಸಿ ಮಾಡಿ ಬಿಡ್ತಿದ್ದೆ" ಅಂತ ಟೀಚರ್ ಹೇಳ್ತಿದ್ರು. ನಾವು ನಗಾಡುದು. ಅವ್ರು ನಗಾಡ್ತಿರ್ಲಿಲ್ಲ.

ಹುಡುಗಿಯರಲ್ಲಿ ನಾನು ಅವರ ದೊಡ್ಡ ಫ್ಯಾನ್, ಅದು ಇಡೀ ಶಾಲೆಗೆ ಗೊತ್ತಿತ್ತು. ಅವ್ರ ಮನೆ ಮೂಡುಬಿದಿರೆ ದಾಟಿ ಪುತ್ತಿಗೆಯಲ್ಲಿ. ಅಲ್ಲಿಂದ ನಮ್ಮ ಶಾಲೆಗೆ ಎರಡು ಬಸ್ಸು. ಸಪೂರ ಜನ, ಕಾಟನ್ ಸೀರೆ, ಹೆಗಲಿಗೆ ಒಂದು ದೊಡ್ಡ ಚೀಲ, ಅದ್ರಲ್ಲಿ ನಮ್ಮ ಪೇಪರ್ ಕಟ್ಟು. ಜೈನರಲ್ವಾ, ಬುತ್ತಿಯಲ್ಲಿ ನೀರುಳ್ಳಿ ಬೆಳ್ಳುಳ್ಳಿ ಬಟಾಟೆ ಎಂತದೂ ಇಲ್ಲ. ಮಳೆಗಾಲದ ನಾಲ್ಕು ತಿಂಗಳು ಹೊತ್ತು ಕಂತಿದ ಮೇಲೆ ಊಟವೂ ಇಲ್ಲ. ಈಗ ನೋಡಿ, ಆಟಿ ಬರುದೂ ಮಳೆಗಾಲದಲ್ಲಿಯೇ. ಬೆಂಚು ಫುಲ್ ಇರ್ತದೆ ಅಂತ ಐದೂವರೆವರೆಗೆ ಸ್ಪೆಷಲ್ ಕ್ಲಾಸ್ ಮಾಡುದು, ಬಸ್ಸಿಗೆ ನಿಲ್ಲುದು, ಪುತ್ತಿಗೆ ಮುಟ್ಟುವಾಗ ಕತ್ತಲೆ. ಆ ದಿನ ನೀರು ಕುಡಿದು ಮಲಗುದು. ಇದನ್ನು ಅವ್ರು ಹೇಳಿದ್ದಲ್ಲ. ಅವ್ರ ಮಗಳು ಗ್ರೀಷ್ಮಾ ಒಂದು ಸಲ ನಮ್ಮ ಶಾಲೆಗೆ ಬಂದವಳು, "ನಿಮ್ಮ ಟ್ರಿಗನಾಮೆಟ್ರಿ ನಮ್ಮಮ್ಮನ ಊಟ ತಿಂದದ್ದು" ಅಂತ ಮುಖ ದಪ್ಪ ಮಾಡಿ ಹೇಳಿದ್ಲು.

ಇನ್ನೊಂದು, ಅವ್ರು ಅತಿಥಿ ಶಿಕ್ಷಕಿ. ಹದಿನಾಲ್ಕು ವರ್ಷ ಆಯ್ತಂತೆ ಅತಿಥಿಯಾಗಿ. ಅಷ್ಟು ವರ್ಷ ಒಂದು ಮನೆಗೆ ಬಂದು ಹೋಗುವ ಅತಿಥಿಯನ್ನು ಮನೆಯವರು ಒಳಗೆ ಸೇರಿಸ್ಕೊಳ್ಳುದಿಲ್ವಾ? ಸೇರಿಸ್ಕೊಳ್ಲಿಲ್ಲ. ಆಗ ನಮಗೆ ಆ ಶಬ್ದದ ಅರ್ಥ ಗೊತ್ತಿರ್ಲಿಲ್ಲ. ಅತಿಥಿ ಅಂದ್ರೆ ಚೂರು ಹೆಚ್ಚು ಮರ್ಯಾದೆ ಅಂತಲೇ ನಾನು ಅಂದಾಜು ಮಾಡಿದ್ದೆ.

ಇನ್ನು ನಿಝಾಮುದ್ದೀನ್. ನಮ್ಮ ಕ್ಲಾಸಿನವ, ಲಾಸ್ಟ್ ಬೆಂಚು. ಅವನ ಉಮ್ಮ ಬೀಪಾತುಮ್ಮ ಬೀಡಿ ಕಟ್ತಾರೆ, ಬಾಪ ಸ್ಕೂಟರಲ್ಲಿ ಮೀನು ಮಾರ್ತಾರೆ. ಊಟಕ್ಕಿಲ್ಲದ ಮನೆ ಅಲ್ಲ, ಶಾಲೆ ಬಿಟ್ಟು ದುಡಿ ಅಂತ ಯಾರೂ ಹೇಳಿದ್ದಲ್ಲ. ಅವನಿಗೇ ಅದರ ರುಚಿ ಹಿಡಿದದ್ದು. ಎಂಟನೇ ಕ್ಲಾಸಲ್ಲಿ ಶೂ, ಒಂಬತ್ತರಲ್ಲಿ ಮೊಬೈಲು, ಹತ್ತರಲ್ಲಿ ಸೆಕೆಂಡ್ ಹ್ಯಾಂಡ್ ಬೈಕಿಗೆ ಅಡ್ವಾನ್ಸು. ಆದ್ರೆ ತಲೆ ಅಂದ್ರೆ ತಲೆ ಮಾರಾಯ್ರೆ. ಪುಸ್ತಕ ಮುಟ್ಟದೆ ಗಣಿತದಲ್ಲಿ ಪಾಸು. ಹಾಲ್‌ಗೆ ಒಂದು ಸುತ್ತು ಬಂದ್ರೆ ಸಾಕು, ಎಷ್ಟು ಪಂಕ್ತಿ ಆಗ್ತದೆ, ಪಾಯಸ ಎಷ್ಟನೇ ಪಂಕ್ತಿಗೆ ಮುಗಿತದೆ ಅಂತ ಮೊದಲೇ ಹೇಳ್ತಿದ್ದ. ತಪ್ತಿರ್ಲಿಲ್ಲವಂತೆ.

ಟೀಚರ್ ಅವನ ಬೆನ್ನು ಹಿಡಿದ್ರು. ಹೇಗೆ ಅಂದ್ರೆ, ಮದುವೆ ಹಾಲ್‌ಗೇ ಹೋಗುದು.

ಮೊದಲನೇ ಸಲ ಹೋದದ್ದು ನವೆಂಬರಿನ ಒಂದು ಭಾನುವಾರ, ಬೀಸಿ ರೋಡಿನ ಹತ್ರ ಒಂದು ನಿಖಾಕ್ಕೆ. ಮರುದಿನ ನಿಝಾಮನೇ ಕ್ಲಾಸಲ್ಲಿ ಆಕ್ಟಿಂಗ್ ಮಾಡಿ ತೋರಿಸಿದ. ಘೀರೈಸಿನ ಪಾತ್ರೆ ಹಿಡ್ಕೊಂಡು ಇವ ತಿರುಗ್ತಾನೆ, ಕೈ ತೊಳೆಯುವಲ್ಲಿ ಚೀಲ ಹಾಕ್ಕೊಂಡು ಟೀಚರ್ ನಿಂತಿದ್ದಾರೆ. ಮದುಮಗಳ ಅಜ್ಜ ಮೂಸಬ್ಬ ಅಂತ, ಅವ್ರು ಓಡಿ ಬಂದು, "ಬನ್ನಿ ಟೀಚರ್, ಕೂತ್ಕೊಳ್ಳಿ ಊಟಕ್ಕೆ" ಅಂದ್ರಂತೆ.

"ಊಟ ಬೇಡ ಕಾಕಾ. ನನಗೊಬ್ಬ ಹುಡುಗ ಬೇಕಿತ್ತು."

"ಹುಡುಗನಾ? ಇಲ್ಲಿ ಇದ್ದದ್ದು ಒಬ್ಬ. ಅವನ ನಿಖಾ ಈಗಷ್ಟೇ ಆಯ್ತಲ್ಲ."

ಇಡೀ ಕ್ಲಾಸ್ ನಕ್ಕಿತು. ಟೀಚರ್ ಅಲ್ಲಿ ಬಯ್ಯಲಿಲ್ಲವಂತೆ. ಚೀಲದಿಂದ ಮಡಚಿದ ಒಂದು ಪೇಪರ್ ತೆಗೆದು, "ಈ ವಾರ ನೀನು ಬಿಟ್ಟದ್ದು ನಾಲ್ಕು ಲೆಕ್ಕ ಉಂಟು, ನಾಳೆ ಮಾಡಿ ತಾ ಮಗಾ" ಅಂತ ಅವನ ಗ್ಲೌಸಿನ ಕೈಗೆ ಕೊಟ್ಟು ಬಸ್ಸಿಗೆ ಹೋದ್ರಂತೆ. ಮರುದಿನ ಆ ಪೇಪರ್ ತುಪ್ಪ ಹಿಡಿದು ಈಚೆಯಿಂದ ಆಚೆ ಕಾಣ್ತಿತ್ತು. ಆದ್ರೆ ನಾಲ್ಕೂ ಲೆಕ್ಕ ಸರಿ.

ಆಮೇಲೆ ಟೀಚರ್ ಹೀಗೆ ಎಷ್ಟು ಹಾಲ್‌ಗೆ ಹೋದ್ರೋ. ಭಾನುವಾರ ಅವ್ರಿಗೂ ರಜೆಯೇ, ಆದ್ರೂ ಪುತ್ತಿಗೆಯಿಂದ ಬರುದು. ಊರಲ್ಲಿ ಮಾತು ಬೇರೆಯೇ ಆಯ್ತು. ಕರೆಯದ ಮದುವೆಗೆಲ್ಲ ಹೋಗ್ತಾರೆ ಊಟಕ್ಕೆ, ಮನೆಯಲ್ಲಿ ಬೇಯಿಸುದಿಲ್ವೋ ಎಂತದೋ ಅಂತ. ಅಂಗಡಿ ಕಟ್ಟೆಯಲ್ಲಿ ಕೂತವ್ರು, "ಇವತ್ತು ಎಲ್ಲಿ ಟೀಚರ್, ವೆಜ್ಜಾ ನಾನ್‌ವೆಜ್ಜಾ" ಅಂತ ಅವ್ರಿಗೆ ಕೇಳುವ ಹಾಗೆಯೇ ಹೇಳುದು. ಟೀಚರ್ ಒಂದು ಹಾಲ್‌ನಲ್ಲಿಯೂ ಒಂದು ಗ್ಲಾಸು ನೀರು ಕುಡಿದವರಲ್ಲ. ನನಗೆ ಅಂಗಡಿಯವರ ಮೇಲೆ ಕಲ್ಲು ಬಿಸಾಡುವಷ್ಟು ಸಿಟ್ಟು ಬರ್ತಿತ್ತು. ಟೀಚರ್ ಮಾತ್ರ ಕೊಡೆ ಬಿಡಿಸಿ ನಡಿತಿದ್ರು.

ಡಿಸೆಂಬರಲ್ಲಿ ಶಾಲೆಗೆ ಮಂಗ್ಳೂರಿಂದ ಒಬ್ರು ಟ್ರೈನರ್ ಬಂದ್ರು, ಮಕ್ಕಳಿಗೆ ಪ್ರೇರಣೆ ಕೊಡ್ಲಿಕ್ಕೆ. ಕೋಟು, ಕಿವಿಯ ಹತ್ರ ಮೈಕು. ಎಲ್ರೂ ಕಣ್ಣು ಮುಚ್ಚಿ, ಹತ್ತು ವರ್ಷ ಬಿಟ್ಟು ನೀವು ಎಲ್ಲಿದ್ದೀರಿ ಅಂತ ನೋಡಿ, ಎಂತ ಕಾಣ್ತದೆ ಹೇಳಿ ಅಂದ್ರು. ನಿಝಾಮ್ ಎದ್ದು ನಿಂತು, "ಐಸ್‌ಕ್ರೀಂ ಕೌಂಟರ್ ಕಾಣ್ತದೆ ಸರ್" ಅಂದ. ಟ್ರೈನರ್ ಎಲ್ಲರ ಹತ್ರ ಚಪ್ಪಾಳೆ ತಟ್ಟಿಸಿದ್ರು.

ಅವ್ರು ಹೋದ ಮೇಲೆ ಕೊನೆ ಪೀರಿಯಡ್ ಪದ್ಮಲತಾ ಟೀಚರದ್ದು. ಅವ್ರಿಗೆ ಬೇಜಾರಾಗಿತ್ತು, ಮುಖ ನೋಡಿದ್ರೆ ಗೊತ್ತಾಗ್ತಿತ್ತು. ಈಗ ಸಿಗುವ ಏಳ್ನೂರೈವತ್ತು ನೋಡಿ ಮುಂದಿನದ್ದು ಕಳ್ಕೊಳ್ಬೇಡಿ, ಕಲ್ತ್ರೆ ಮತ್ತೆ ದುಡಿಲಿಕ್ಕೆ ನಲ್ವತ್ತು ವರ್ಷ ಉಂಟು, ಹೀಗೆಲ್ಲ ಹೇಳ್ತಿದ್ರು. ಆಗ ನಿಝಾಮ್ ಕೈ ಎತ್ತಿದ.

"ಟೀಚರ್, ಒಂದು ಕೇಳ್ಬಹುದಾ? ಕೋಪ ಮಾಡ್ಲಿಕ್ಕಿಲ್ಲ."

"ಕೇಳು."

"ನೀವು ಎಲ್ಲಾ ಕಲ್ತಿದ್ದೀರಲ್ಲ. ನಿಮಗೆ ತಿಂಗಳಿಗೆ ಎಷ್ಟು ಬರ್ತದೆ?"

ಹಿಂದಿನ ಬೆಂಚಲ್ಲಿ ಕಿಸಿಕಿಸಿ ಶುರುವಾಯ್ತು. ಟೀಚರ್ ಡಸ್ಟರ್ ತೆಗ್ದು ಬೋರ್ಡ್ ಉಜ್ಜಿದ್ರು. ಅದ್ರಲ್ಲಿ ಎಂತದೂ ಬರೆದಿರ್ಲಿಲ್ಲ. ಮತ್ತೆ ತಿರುಗಿ, "ಸಾಕಾಗುವಷ್ಟು ಬರ್ತದೆ" ಅಂದ್ರು. ಅಲ್ಲಿಗೆ ನಿಲ್ಲಿಸ್ಬಹುದಿತ್ತು. ನಿಲ್ಲಿಸ್ಲಿಲ್ಲ.

"ಸಂಬಳ ಬಿಡು ನಿಝಾಮ್. ಕಲ್ತವರಿಗೆ ಇನ್ನೊಬ್ಬರ ಎದುರು ಟ್ರೇ ಹಿಡಿದು ನಿಲ್ಲುವ ಗತಿ ಬರುದಿಲ್ಲ. ಅದಷ್ಟು ನಾನು ಬರೆದು ಕೊಡ್ತೇನೆ."

ನಿಝಾಮ್ ಕೂತ. ಅವನಿಗೆ ಆ ಮಾತು ತಾಗಿದ್ದು ಯಾಕೆ ಅಂದ್ರೆ, ಹಿಂದಿನ ಭಾನುವಾರ ಒಂದು ಮದುವೆಯಲ್ಲಿ ಯಾರದ್ದೋ ಬಿಳಿ ಅಂಗಿಗೆ ಇವನ ಕೈಯಿಂದ ಚೂರು ಸಾಂಬಾರು ಬಿದ್ದಿತ್ತು. ಆ ಜನ ಇಡೀ ಪಂಕ್ತಿಯ ಎದುರು ಇವನ ಟೊಪ್ಪಿ ತೆಗೆಸಿ ಮೂರು ಸಲ ಸಾರಿ ಹೇಳಿಸಿದ್ದ. ನಿಝಾಮ್ ಇದನ್ನು ಆಕ್ಟಿಂಗ್ ಮಾಡಿ ತೋರಿಸಿರ್ಲಿಲ್ಲ. ನನಗೆ ಹೇಳಿದ್ದು ಅವನ ನೆರೆಮನೆಯ ಫಾಹಿಮಾ, ಅವಳೂ ನಮ್ಮ ಕ್ಲಾಸೇ.

ಅಲ್ಲಿಂದ ಇವ ಬದಲಾದ. ಜನವರಿಯಲ್ಲಿ ಪಂಚಾಂಗ ತುಂಬ ಕೆಂಪು ರೌಂಡು, ಇವ ಎರಡನೇ ಬೆಂಚಲ್ಲಿ. ಟೆಂಪೋದವ ಜಂಕ್ಷನಲ್ಲಿ ಹಾರ್ನ್ ಹಾಕಿ ಕರೆದ್ರೂ ಇಲ್ಲ. "ನಿನಗೆ ಎಂತಾಯ್ತು ಮಾರಾಯ, ಹುಷಾರಿಲ್ವಾ" ಅಂತ ಹುಡುಗರು ಕೇಳುದು. "ಟೀಚರ್ ಬರೆದು ಕೊಡ್ತೇನೆ ಅಂತ ಹೇಳಿದ್ದಾರಲ್ಲ" ಅಂತ ಇವ. ತಮಾಷೆಗೆ ಹೇಳಿದ ಹಾಗೆ ಇರ್ತಿತ್ತು, ಆದ್ರೆ ತಮಾಷೆ ಅಲ್ಲ.

ಮೇ ತಿಂಗಳ ಸುರುವಿಗೆ ರಿಸಲ್ಟ್ ಬಂತು. ನಿಝಾಮಿಗೆ ಗಣಿತದಲ್ಲಿ ತೊಂಬತ್ತಾರು. ನನ್ನದು ಬಿಡಿ, ಪಾಸಾಗಿದ್ದೆ. ಟೀಚರಿಗೆ ಕಾಲು ನೆಲದಲ್ಲಿ ಇರ್ಲಿಲ್ಲ. ಡಿಪ್ಲೊಮಾ ಸಿವಿಲ್ ಮಾಡಿಸುದು, ಪಾಲಿಟೆಕ್ನಿಕ್ಕಿನಲ್ಲಿ ಈ ಮಾರ್ಕಿಗೆ ಸೀಟ್ ಗ್ಯಾರಂಟಿ ಅಂತ ಅವ್ರೇ ಫಾರ್ಮ್ ತಂದು, ಅವ್ರೇ ತುಂಬಿಸಿ, ಇವನ ಪಾಸ್‌ಪೋರ್ಟ್ ಫೋಟೊ ಅಂಟಿಸಿ ಇಟ್ರು. ಲಾಸ್ಟ್ ಡೇಟ್ ಒಂದು ಸೋಮವಾರ. ಇವನ ಸೈನು, ಬಾಪನ ಸೈನು ಮಾತ್ರ ಬಾಕಿ. "ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಬೀಸಿ ರೋಡ್ ಬಸ್‌ಸ್ಟ್ಯಾಂಡ್. ಮಾರ್ಕ್ಸ್ ಕಾರ್ಡ್ ತಾ, ಬಾಪನನ್ನೂ ಕರ್ಕೊಂಡು ಬಾ. ನಾನು ಇರ್ತೇನೆ" ಅಂದ್ರು. ಇವ ಆಯ್ತು ಅಂದ. ರಜೆಯಲ್ಲಿ ಖಾಲಿ ಕೂತು ಎಂತ ಮಾಡುದು ಅಂತ ಕ್ಯಾಟರಿಂಗಿಗೆ ಹೋಗ್ತಿದ್ದ, ಆದ್ರೆ ಇದು ಲಾಸ್ಟ್ ಸೀಸನ್ ಅಂತ ಎಲ್ಲರ ಹತ್ರ ಹೇಳಿದ್ದ.

ಆ ಸೋಮವಾರದ ಹಿಂದಿನ ದಿನ ಆದದ್ದು ಇದು.

ಬೆಳ್ತಂಗಡಿ ಕಡೆಯ ವಾರಿಜಕ್ಕ ಅಂತ, ಹೆಂಗಸರ ಒಂದು ಟೀಮ್ ಮಾಡಿದ್ದಾರೆ. ಮದುವೆಗೆ ಬಂದವರಿಗೆ ಬಾಗಿಲಲ್ಲಿ ಜ್ಯೂಸ್ ಕೊಡುದು, ಹೂ ಕೊಡುದು. ರಜೆಯಲ್ಲಿ ನಾನೂ ಹೋಗುವ ಅಂತ ಹೋದೆ, ಅದೇ ಮೊದಲು. ಮದುವೆ ಬೆಳ್ತಂಗಡಿಯಲ್ಲಿ. ಎಲ್ಲರಿಗೂ ಒಂದೇ ನಮೂನೆಯ ನೇರಳೆ ಸೀರೆ. ಗುರುವಾಯನಕೆರೆಯಲ್ಲಿ ಟೆಂಪೋ ನಿಂತಿತು, ವೇಣೂರು ಕಡೆಯ ಬಸ್ಸಿಂದ ಇಳಿದ ಒಬ್ರು ಹತ್ತಿದ್ರು. ಅದೇ ನೇರಳೆ ಸೀರೆ. ಹೆಗಲಲ್ಲಿ ಅದೇ ದೊಡ್ಡ ಚೀಲ.

ಪದ್ಮಲತಾ ಟೀಚರ್. ನನ್ನ ಪಕ್ಕ ಕೂತು, "ನೀನಾ. ನೆರಿಗೆ ಸರಿ ಹಿಡಿಲಿಲ್ಲ ನೀನು" ಅಂತ ನನ್ನ ಸೀರೆ ಸರಿ ಮಾಡಿ ಪಿನ್ ಹಾಕಿದ್ರು. ಮೆಲ್ಲ ಹೇಳಿದ್ರು, "ಏಪ್ರಿಲ್ ಮೇ ನಮಗೆ ಸಂಬಳ ಇಲ್ಲ ಮಗಾ. ಶಾಲೆ ಇದ್ರೆ ಮಾತ್ರ. ಗ್ರೀಷ್ಮಾನ ಫೀಸ್ ಜೂನಲ್ಲಿ. ಮೂರು ವರ್ಷ ಆಯ್ತು ನಾನು ಬರ್ಲಿಕ್ಕೆ ಸುರು ಮಾಡಿ."

"ನಾನು ಯಾರಿಗೂ ಹೇಳುದಿಲ್ಲ ಟೀಚರ್."

"ಹೇಳಿದ್ರೂ ತಪ್ಪಿಲ್ಲ. ಕೆಲಸಕ್ಕೆ ನಾಚಿಕೆ ಇಲ್ಲ ನನಗೆ." ಚೀಲ ಮಡಿಲಿಗೆ ತಕೊಂಡ್ರು. "ನಾನು ಕ್ಲಾಸಲ್ಲಿ ಒಂದು ಮಾತು ಹೇಳಿಯಾಗಿದೆ ಅಲ್ವಾ. ಅದಕ್ಕೆ ಬೆಳ್ತಂಗಡಿ ಕಡೆಯದ್ದು ಮಾತ್ರ ಒಪ್ಪುದು. ನಮ್ಮ ಹುಡುಗರೆಲ್ಲ ಬಂಟ್ವಾಳದ ಕಡೆಯ ಹಾಲ್‌ಗೆ ಹೋಗುದು."

ವಾರಿಜಕ್ಕನಿಗೆ ಇವರು ಟೀಚರ್ ಅಂತ ಗೊತ್ತುಂಟು, ಯಾವ ಶಾಲೆ ಅಂತ ಗೊತ್ತಿಲ್ಲ. ಅವರಿಗೆ ಅದು ಬೇಕಾಗಿಯೂ ಇಲ್ಲ.

ಹನ್ನೊಂದು ಗಂಟೆಗೆ ಜನ ಬರ್ಲಿಕ್ಕೆ ಸುರು. ನಾನು ಹೂವಿನ ತಟ್ಟೆ, ಟೀಚರ್ ಜ್ಯೂಸಿನ ಟ್ರೇ. ಬಗ್ಗಿ, ನಗಾಡಿ, "ತಕೊಳ್ಳಿ, ತಕೊಳ್ಳಿ" ಅಂತ. ಅವ್ರು ಕ್ಲಾಸಲ್ಲಿ ಅಷ್ಟು ನಗಾಡಿದ್ದು ನಾನು ನೋಡಿಲ್ಲ. ಎದುರಿನ ಸಾಲಲ್ಲಿ ಕೂತ ಒಬ್ಬ ಉಂಗುರದ ಕೈ ಎತ್ತಿ ಚಿಟಿಕೆ ಹೊಡೆದ. "ಏ, ಇಲ್ಲಿಗೆ ಎರಡು. ಎಷ್ಟು ಹೊತ್ತು ಮಾರಾಯ್ತಿ, ಜ್ಯೂಸಿಗೆ ಮಾವಿನ ಮರ ನೆಟ್ಟು ಬರುದಾ?"

ಅವನ ಆಚೆ ಈಚೆ ಕೂತವರು ನಕ್ರು. ಟೀಚರ್ ಆ ಕಡೆ ತಿರುಗಿದ್ರು. ಅದೇ ಹೊತ್ತಿಗೆ ಸೈಡಿನ ಬಾಗಿಲಿಂದ ಗ್ಲಾಸಿನ ಕ್ರೇಟ್ ಹೊತ್ಕೊಂಡು ಹುಡುಗನೊಬ್ಬ ಬಂದ. ನಿಝಾಮ್. ಬೆಳ್ತಂಗಡಿಯ ಟೀಮಿಗೆ ಆ ದಿನ ಜನ ಕಮ್ಮಿ ಅಂತ ಬಂಟ್ವಾಳದಿಂದ ನಾಲ್ಕು ಹುಡುಗರನ್ನು ತರಿಸಿದ್ದು, ಅದ್ರಲ್ಲಿ ಇವ ಒಬ್ಬ.

ಕ್ರೇಟ್ ಕೆಳಗಿಟ್ಟ. ಎರಡು ಕೈ ಚಾಚಿ ಟ್ರೇ ಹಿಡಿದ.

"ನೀವು ಕೂತ್ಕೊಳ್ಳಿ ಟೀಚರ್. ನಾನು ಕೊಡ್ತೇನೆ."

"ಬಿಡು ನಿಝಾಮ್."

"ಕೂತ್ಕೊಳ್ಳಿ ಹೇಳಿದ್ದಲ್ವಾ."

ಇಬ್ರೂ ಟ್ರೇ ಬಿಡುದಿಲ್ಲ. ಗ್ಲಾಸುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಹೇಳ್ತಾ ಉಂಟು. ಉಂಗುರದವ, "ಎಂತ, ಅಮ್ಮನೂ ಮಗನೂ ಹಂಚ್ಕೊಳ್ಳುದಾ" ಅಂದ. ವಾರಿಜಕ್ಕ ಬಾಗಿಲಿಂದ ಕಣ್ಣು ಬಿಟ್ರು. ಟೀಚರ್ ಸ್ವರ ಏರಿಸದೆ ಹೇಳಿದ್ರು, "ಇದು ನನ್ನ ಕೆಲಸ. ಬಿಡು." ಕ್ಲಾಸಲ್ಲಿ ಪುಸ್ತಕ ತೆಗೀರಿ ಅನ್ನುವ ಅದೇ ಸ್ವರ. ನಿಝಾಮ್ ಬಿಟ್ಟ. ಟೀಚರ್ ಹೋಗಿ ಉಂಗುರದವನಿಗೆ ಎರಡು ಗ್ಲಾಸು ಕೊಟ್ರು, ಬಗ್ಗಿ.

ಮೂರು ಗಂಟೆಗೆ ಎಲ್ಲ ಮುಗಿದ ಮೇಲೆ ಅಡಿಗೆ ಶೆಡ್ಡಿನ ಹಿಂದೆ ಟೀಚರ್ ಬುತ್ತಿ ಬಿಚ್ಚಿದ್ರು, ನಾನು ಹತ್ರ ಕೂತಿದ್ದೆ. ನಿಝಾಮ್ ಬಂದು ಎದುರು ನಿಂತ. ಟೊಪ್ಪಿ ತೆಗೆದು ಕೈಯಲ್ಲಿ ಹಿಡ್ಕೊಂಡಿದ್ದ.

"ನೀವು ಅವತ್ತು ಕ್ಲಾಸಲ್ಲಿ ಹೇಳಿದ್ದು ಟೀಚರ್."

"ಹೇಳಿದ್ದೆ."

"ಬರೆದು ಕೊಡ್ತೇನೆ ಅಂದಿದ್ರಿ."

"ಹೌದು."

"ಸುಳ್ಳಾ?"

ಟೀಚರ್ ಬುತ್ತಿಯ ಮುಚ್ಚಳ ಹಾಕಿದ್ರು. "ನನಗೆ ನಿಜ ಆಗ್ಲಿಲ್ಲ. ನಿನಗೆ ಆಗ್ತದೆ. ನೀನು ನನಗಿಂತ ಹುಷಾರಿದ್ದಿ, ಹಿಡಿದ ಲೈನೂ ಬೇರೆ. ನಾಳೆ ಬಾ."

"ಎಷ್ಟು ಬರ್ತದೆ ಟೀಚರ್ ನಿಮಗೆ? ಸರಿ ಹೇಳಿ."

"ಹನ್ನೆರಡು ಸಾವಿರ. ವರ್ಷಕ್ಕೆ ಹತ್ತು ತಿಂಗಳು."

ಅವ ತಮಾಷೆ ಮಾಡ್ಲಿಲ್ಲ, ನಗಾಡ್ಲಿಲ್ಲ. ಅವನ ತಲೆ ಹಾಗೆಯೇ, ಸಂಖ್ಯೆ ಕೇಳಿದ ಕೂಡ್ಲೇ ಓಡ್ತದೆ. ಅದು ಅವನ ತಪ್ಪಲ್ಲ.

"ಅಂದ್ರೆ ನನ್ನ ಹದಿನಾರು ಮದುವೆ" ಅಂದ.

"ಲೆಕ್ಕ ಸರಿ ಉಂಟು" ಅಂದ್ರು ಟೀಚರ್.

ನನಗೆ ಆಗ ಅಳು ಬಂತು. ಆದ್ರೆ ಅಳ್ಲಿಕ್ಕೆ ನನ್ನದು ಎಂತ ಇತ್ತು ಅಲ್ಲಿ. ನಿಝಾಮ್ ಟೊಪ್ಪಿ ಹಾಕಿ ಹೋದ. ಟೀಚರ್ ಆ ಬುತ್ತಿ ಮತ್ತೆ ಬಿಚ್ಲಿಲ್ಲ.

ಸೋಮವಾರ ಬೀಸಿ ರೋಡಿಗೆ ನಾನೂ ಹೋದೆ. ಟೀಚರ್ ಒಂಬತ್ತು ಗಂಟೆಗೇ ಬಂದಿದ್ರು. ಫಾರ್ಮ್ ಮಳೆ ತಾಗದ ಹಾಗೆ ಪ್ಲಾಸ್ಟಿಕ್ ಕವರಲ್ಲಿ. ಪುಂಜಾಲಕಟ್ಟೆ ಕಡೆಯಿಂದ ಬಂದ ಒಂದೊಂದು ಬಸ್ಸಿನ ಎರಡೂ ಬಾಗಿಲು ನೋಡುದು. ಫೋನ್ ಮಾಡಿದ್ರೆ ಸ್ವಿಚ್ ಆಫ್. ಹನ್ನೆರಡು ಗಂಟೆಗೆ, "ನಡಿ, ಮನೆಗೇ ಹೋಗುವ" ಅಂದ್ರು.

ಬೀಪಾತುಮ್ಮ ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ತಿದ್ರು. ನಮ್ಮನ್ನು ನೋಡಿ ಎದ್ರು, ಎಲೆಯ ಚೂರೆಲ್ಲ ನೆಲಕ್ಕೆ ಬಿತ್ತು.

"ಅವ ಬೆಳಿಗ್ಗೆ ಐದು ಗಂಟೆಗೇ ಮಡಿಕೇರಿಗೆ ಹೋದ ಟೀಚರ್. ಮೂರು ದಿವಸದ ಮದುವೆ ಅಂತೆ."

"ಇವತ್ತು ಲಾಸ್ಟ್ ಡೇಟ್ ಬೀಪಾತುಮ್ಮ. ಅವನಿಗೆ ಗೊತ್ತುಂಟು."

"ನನಗೆ ಗೊತ್ತಿಲ್ಲ ಟೀಚರ್ ಅದೆಲ್ಲ. ನಿನ್ನೆ ಬಂದವ ಊಟ ಮಾಡ್ಲಿಲ್ಲ. ಎಂತಾಯ್ತು ಕೇಳಿದ್ರೆ ಹೇಳುದಿಲ್ಲ. ಟೀಚರ್ ಬಂದ್ರೆ ಒಳಗೆ ಕೂರಿಸಿ, ಬೇಜಾರು ಮಾಡ್ಬೇಡಿ ಅಂತ ಹೇಳಿ ಅಂದು ಹೋಗಿದ್ದಾನೆ." ಕುರ್ಚಿ ಒರೆಸಿದ್ರು. "ನಿಮ್ಮ ಬಗ್ಗೆ ಒಂದು ಕೆಟ್ಟ ಮಾತು ಹೇಳುವವ ಅಲ್ಲ ಅವ. ಮತ್ತೆ ಇನ್ನೊಂದು ಹೇಳಿದ್ದಾನೆ. ಬೆಳ್ತಂಗಡಿಯ ಶಶಿರಾಜಣ್ಣ ಇದ್ದಾರಲ್ಲ, ಕ್ಯಾಟರಿಂಗಿನ ಓನರು, ಅವರ ಹತ್ರ ಮಾತಾಡಿದ್ದಾನಂತೆ. ಮುಂದಿನ ಸೀಸನಿಗೆ ನಿಮಗೆ ಟ್ರೇ ಇಲ್ಲ, ಬಫೆಯ ಪ್ಲೇಟು ಲೆಕ್ಕ ಮಾಡುವ ಕೆಲಸ. ಕೂತು ಮಾಡ್ಬಹುದು ಅಂತೆ."

ಅವ್ರಿಗೆ ಪಾಪ ಎಂತ ಗೊತ್ತು, ಒಳ್ಳೆ ಸುದ್ದಿ ಅಂತಲೇ ಹೇಳಿದ್ದು. ಟೀಚರ್ ಕುರ್ಚಿಯಲ್ಲಿ ಕೂರ್ಲಿಲ್ಲ. "ಅವನಿಗೆ ಥ್ಯಾಂಕ್ಸ್ ಹೇಳಿ" ಅಂದ್ರು. ಮತ್ತೆ, "ಪಿಯುಸಿಗಾದ್ರೂ ಸೇರಿಸಿ, ಅದಕ್ಕೆ ಇನ್ನೂ ಟೈಮ್ ಉಂಟು, ಫೀಸ್ ನಾನು ನೋಡ್ತೇನೆ" ಅಂದ್ರು. ಬೀಪಾತುಮ್ಮ, "ಬರ್ಲಿ ಅವ, ಹೇಳ್ತೇನೆ" ಅಂದ್ರು. ಹೇಳಿದ್ರೋ ಏನೋ. ಟೀಚರ್ ಜೂನಲ್ಲಿ ಎರಡು ಸಲ ಹೋದ್ರು, "ಮುಂದಿನ ವರ್ಷ ನೋಡುವ ಟೀಚರ್" ಅಂತ ನಿಝಾಮ್ ಗೇಟಲ್ಲಿ ನಿಂತೇ ಹೇಳಿದ. ಅವ ಟೀಚರ ಮೇಲೆ ಸಿಟ್ಟು ಮಾಡಿದ್ದಲ್ಲ. ಸಿಟ್ಟು ಮಾಡಿದ್ರೆ ಟೀಚರಿಗೆ ಎಂತಾದ್ರೂ ಹೇಳ್ಲಿಕ್ಕೆ ಇರ್ತಿತ್ತು. ಅವನಿಗೆ ಟೀಚರನ್ನು ನೋಡಿ ಪಾಪ ಅನ್ನಿಸಿದ್ದು. ಅದಕ್ಕೆ ಯಾವ ಟೀಚರ್ ಎಂತ ಉತ್ತರ ಕೊಡುದು.

ನಾನು ಈಗ ಬೀಸಿ ರೋಡಿಗೆ ಕಾಲೇಜಿಗೆ ಹೋಗ್ತೇನೆ. ಟೀಚರ್ ಈ ವರ್ಷವೂ ನಮ್ಮ ಹಳೆ ಶಾಲೆಗೇ ಬಂದಿದ್ದಾರೆ, ಹದಿನೈದನೇ ವರ್ಷದ ಅತಿಥಿ. ಪಂಚಾಂಗ ಹೊಸತು, ಕೆಂಪು ಪೆನ್ನು ಹೊಸತು. ಈ ವರ್ಷದ ಹತ್ತನೆಯಲ್ಲಿಯೂ ಯಾರೋ ಒಬ್ಬ ಅದೇ ಪ್ರಶ್ನೆ ಕೇಳಿದನಂತೆ, ಎಷ್ಟು ಸಂಬಳ ಅಂತ. ಟೀಚರ್ ಈ ಸಲ ಬೋರ್ಡ್ ಉಜ್ಜಲಿಲ್ಲವಂತೆ. ಹನ್ನೆರಡು ಸಾವಿರ, ಹತ್ತು ತಿಂಗಳು, ರಜೆಯಲ್ಲಿ ಜ್ಯೂಸ್ ಕೊಡ್ಲಿಕ್ಕೆ ಹೋಗ್ತೇನೆ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ರಂತೆ. "ಆದ್ರೂ ಕಲಿಬೇಕು" ಅಂದ್ರಂತೆ. ಯಾಕೆ ಅಂತ ಒಬ್ಬಳು ಕೇಳಿದ್ಲಂತೆ. ಬೆಲ್ ಆಯ್ತಂತೆ. ಮುಂದಿನ ಮುಹೂರ್ತಕ್ಕೆ ಹದಿನಾಲ್ಕು ಜನ ಆಬ್ಸೆಂಟು.

ಹೋದ ವಾರ ಗುರುವಾರ ಶಾಲೆಯೂ ಕಾಲೇಜೂ ಬೇಗ ಬಿಟ್ಟಿತ್ತು. ಬಸ್‌ಸ್ಟ್ಯಾಂಡಲ್ಲಿ ಟೀಚರ್ ಸಿಕ್ಕಿದ್ರು. "ಒಂದು ಹಾಲ್‌ಗೆ ಹೋಗ್ಲಿಕ್ಕುಂಟು, ಬರ್ತೀಯಾ" ಅಂದ್ರು. ಹೋದೆ. ಅದೇ, ಮೂಸಬ್ಬ ಕಾಕಾನ ಮೊಮ್ಮಗಳ ನಿಖಾ ಆದ ಹಾಲ್. ಹುಡುಗರಿಗೆಲ್ಲ ಹಳದಿ ಟೀಶರ್ಟು. ಒಬ್ಬನಿಗೆ ಮಾತ್ರ ಕಪ್ಪು ಅಂಗಿ, ಕಿವಿಯಲ್ಲಿ ಫೋನು. ನಿಝಾಮ್ ಈಗ ಲೀಡರ್. ಇಪ್ಪತ್ತು ಹುಡುಗರನ್ನು ತರುದು ಅವನ ಜವಾಬ್ದಾರಿ. ಮೀಸೆ ಬಂದಿದೆ.

ನಮ್ಮನ್ನು ನೋಡಿ ಓಡಿ ಬಂದು ಕುರ್ಚಿ ಇಟ್ಟ. "ಜ್ಯೂಸ್ ತರಿಸ್ಲಾ ಟೀಚರ್? ಮತ್ತೆ ಹೇಗಿದ್ದೀರಿ?"

"ಬೇಡ. ನಮ್ಮ ಹತ್ತನೆಯ ಹುಡುಗನೊಬ್ಬ ಇದ್ದಾನಂತೆ ನಿನ್ನ ಹತ್ರ. ಚೂರು ಕರಿ."

ನಿಝಾಮ್ ಹಾಲ್ ಕಡೆ ನೋಡಿದ, ವಾಚ್ ನೋಡಿದ. "ಐದು ನಿಮಿಷ ಮಾತ್ರ ಟೀಚರ್. ಎರಡನೇ ಪಂಕ್ತಿ ಕೂತಾಯ್ತು." ಕೈ ಸನ್ನೆ ಮಾಡಿದ. ಘೀರೈಸಿನ ಪಾತ್ರೆ ಇಟ್ಟು ಹುಡುಗ ಬಂದ, ಟೀಚರನ್ನು ನೋಡಿ ತಲೆ ತಗ್ಗಿಸಿದ. ಟೀಚರ್ ಚೀಲದಿಂದ ಮಡಚಿದ ಪೇಪರ್ ತೆಗೆದು ಬಿಡಿಸಿ, ಗೋಪುರದ ಎತ್ತರ ಇಷ್ಟು, ನೆರಳು ಇಷ್ಟು, ಕೋನ ಕಂಡು ಹಿಡಿಬೇಕು ಅಂತ ಬೆರಳಿಟ್ಟು ಹೇಳ್ಲಿಕ್ಕೆ ಸುರು ಮಾಡಿದ್ರು. ಹುಡುಗನಿಗೆ ತಲೆಗೆ ಹೋಗ್ಲಿಲ್ಲ, ಒಂದು ಕಣ್ಣು ಪಂಕ್ತಿಯ ಮೇಲೆ. ನಿಝಾಮ್ ಅವನ ಹೆಗಲ ಮೇಲಿಂದ ಪೇಪರ್ ನೋಡ್ತಿದ್ದ.

"ಅರವತ್ತು ಡಿಗ್ರಿ ಅಲ್ವಾ ಟೀಚರ್" ಅಂದ.

ಟೀಚರ್ ತಲೆ ಎತ್ತಿದ್ರು. "ಹೌದು. ಅರವತ್ತು."

ನಿಝಾಮ್ ಚೂರು ನಗಾಡಿದ, ಎರಡನೇ ಬೆಂಚಲ್ಲಿ ಕೂತಿದ್ದಾಗ ನಗಾಡ್ತಿದ್ದ ಹಾಗೆಯೇ. ಮತ್ತೆ ಆ ಹುಡುಗನ ಬೆನ್ನಿಗೆ ಮೆಲ್ಲ ತಟ್ಟಿ, "ಹೋಗು, ಘೀರೈಸ್ ತಣ್ಣಗಾಗ್ತದೆ" ಅಂತ ಒಳಗೆ ಕಳಿಸಿದ. ಪೇಪರ್ ಟೀಚರ ಕೈಯಲ್ಲೇ ಉಳಿಯಿತು.